ಬಾಲಿಗೊಂದು ಬಜೆಟ್: ಕನ್ನಡಿ ತೆಗೆದರೆ ಕೆರೆ ಮಾಯ!

ಬಾಲಿ ದ್ವೀಪವನ್ನು ಬೆಳ್ಳಿತೆರೆಯ ಮೇಲೆ ನೋಡಿ ಮರುಳಾದವರಿಗೆ ಮೊದಲೇ ಒಂದು ಗುಟ್ಟು ಹೇಳಿಬಿಡುತ್ತೇನೆ. 1952ರಲ್ಲಿ 'ರೋಡ್ ಟು ಬಾಲಿ' ಅಂತ ಒಂದು ಹಾಲಿವುಡ್ ಚಿತ್ರ ಬಂತು. ಬಾಬ್ ಹೋಪ್, ಬಿಂಗ್ ಕ್ರಾಸ್ಬಿ, ಡೊರೋಥಿ ಲಾಮೋರ್ ಕುಣಿದು ಕುಪ್ಪಳಿಸಿದ ಆ ಬಾಲಿ ಇದ್ದದ್ದೆಲ್ಲಿ ಅಂತೀರಿ? ಹಾಲಿವುಡ್ ಸ್ಟುಡಿಯೋದ ಸೆಟ್ಟಿನಲ್ಲಿ! ಅದು ಹಳೇ ಕಾಲ ಬಿಡಿ ಅನ್ನಬೇಡಿ. 2022ರಲ್ಲಿ ಜಾರ್ಜ್ ಕ್ಲೂನಿ, ಜೂಲಿಯಾ ರಾಬರ್ಟ್ಸ್ ನಟಿಸಿದ 'ಟಿಕೆಟ್ ಟು ಪ್ಯಾರಡೈಸ್' ಬಂತಲ್ಲ, ಅದರ ಕಥೆ ನಡೆಯುವುದೂ ಬಾಲಿಯಲ್ಲೇ. ಕ್ಯಾಮೆರಾ ಇಟ್ಟದ್ದು ಮಾತ್ರ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ. ಇದೇ ಜೂಲಿಯಾ ಮೇಡಂ ನಿಜವಾದ ಬಾಲಿಯಲ್ಲಿ ಕಾಣಿಸಿಕೊಂಡದ್ದು 2010ರ 'ಈಟ್ ಪ್ರೇ ಲವ್'ನಲ್ಲಿ. ಆಮೇಲೆ ಉಬುದ್ ಊರಿನ ಕಡೆಗೆ ಪ್ರವಾಸಿಗಳ ದಂಡೇ ಹೊರಟಿತು.

ಇದನ್ನೆಲ್ಲ ನಾನ್ಯಾಕೆ ಹೇಳುತ್ತಿದ್ದೇನೆ? ಬಾಲಿಗೆ ಬಜೆಟ್ ಹಾಕುವವನು ಮೊದಲು ತೆರೆಯ ಬಾಲಿ ಯಾವುದು, ನೆಲದ ಬಾಲಿ ಯಾವುದು ಅಂತ ಬೇರೆ ಮಾಡಿಕೊಳ್ಳಬೇಕು. ಕಿಸೆ ತೂತಾಗುವುದು ಮೊದಲನೆಯದರಿಂದ. ಮನಸ್ಸು ತುಂಬುವುದು ಎರಡನೆಯದರಿಂದ.

ನನ್ನ ಕಸುಬೇ ಬಜೆಟ್ ಹಾಕುವುದು ಸ್ವಾಮೀ. ಇಪ್ಪತ್ತು ವರ್ಷದಿಂದ ಗಾಂಧಿನಗರದಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಐವತ್ತು ಜನರ ಯೂನಿಟ್ಟಿಗೆ ಬೆಳಗಿನ ಇಡ್ಲಿಯಿಂದ ಹಿಡಿದು ರಾತ್ರಿಯ ಬಾಟಾವರೆಗೆ ಲೆಕ್ಕ ಬರೆದವನು. 1978ರಲ್ಲಿ ದ್ವಾರಕೀಶ್ ಅವರು 'ಸಿಂಗಾಪುರದಲ್ಲಿ ರಾಜಾಕುಳ್ಳ' ಮಾಡಿ ಕನ್ನಡ ಚಿತ್ರವನ್ನು ಮೊದಲ ಬಾರಿಗೆ ವಿದೇಶಕ್ಕೆ ಕರೆದೊಯ್ದ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿಯೇ ನಾನು ಈ ಲೈನಿಗೆ ಬಂದದ್ದು. ಊಟಿ, ಮಡಿಕೇರಿ, ಆಮೇಲೆ ಎರಡು ಮೂರು ಫಾರಿನ್ ಔಟ್‌ಡೋರ್ ಎಲ್ಲ ಕಂಡಾಯಿತು. ಆದರೆ ಅದೆಲ್ಲ ನಿರ್ಮಾಪಕರ ದುಡ್ಡು. ಈ ಸಲದ ದುಡ್ಡು ಬೇರೆ!

ನಿರ್ಮಾಪಕಿ ಹಾಕಿದ ಷರತ್ತು

ಈ ಸಲ ನಿರ್ಮಾಪಕಿ ನಮ್ಮ ಮನೆಯಾಕೆ. ನಾನು ಊರೂರು ಸುತ್ತುತ್ತಿದ್ದಾಗ ಮನೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತವಳು. ಬ್ಲೌಸು, ಫಾಲ್ಸು, ಜಿಗ್‌ಜಾಗು ಅಂತ ಹೊಲಿದು, ಚೀಟಿ ಹಾಕಿ, 1,70,000 ರೂಪಾಯಿ ಕೂಡಿಸಿದ್ದಳು. ಅದರಲ್ಲಿ 45,000 ಹೊಸ ಓವರ್‌ಲಾಕ್ ಮಷೀನಿಗೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಉಳಿದದ್ದರಲ್ಲಿ ಒಂದು ಪ್ರವಾಸ. ಅವಳು ವಿಮಾನ ಹತ್ತುವುದು ಅದೇ ಮೊದಲು.

"ರೀ, ಮಷೀನಿನ ದುಡ್ಡು ಒಂದು ಪೈಸೆ ಮುಟ್ಟಬಾರದು. ವಾಪಸ್ ಬಂದ ಮೇಲೆ ಸಾಲ ಅನ್ನೋ ಮಾತು ನನ್ನ ಕಿವಿಗೆ ಬೀಳಬಾರದು. ಹಾಗಿದ್ದರೆ ಮಾತ್ರ ಹೊರಡೋಣ," ಅಂದಳು.

"ಆಯ್ತು ಕಣೇ," ಅಂದೆ. ಯಾವ ನಿರ್ಮಾಪಕರೂ ಇಷ್ಟು ಖಡಾಖಂಡಿತವಾಗಿ ಮಾತಾಡಿದ್ದು ನಾನು ಕಂಡಿಲ್ಲ! ಗೆರೆ ಬಿತ್ತು: ಇಬ್ಬರಿಗೆ, ಏಳು ರಾತ್ರಿಗೆ, 1,25,000 ರೂಪಾಯಿ. ಅದರಾಚೆಗೆ ಕಟ್!

ಕಾಲಿಡುವ ಮೊದಲೇ ಕರಗುವ ದುಡ್ಡು

ಬಾಲಿ ನಮ್ಮ ಮಂಡ್ಯ ಜಿಲ್ಲೆಗಿಂತ ತುಸು ದೊಡ್ಡದಾದ ದ್ವೀಪ. ಇಂಡೋನೇಷ್ಯಾದ ಒಂದು ಪ್ರಾಂತ್ಯ. ಸಮಭಾಜಕ ವೃತ್ತದ ಕೆಳಗಿರುವುದರಿಂದ ಅಲ್ಲಿ ಮಳೆಗಾಲ ತಿರುವುಮುರುವು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಿಸಿಲು. ಜುಲೈ, ಆಗಸ್ಟ್ ಮತ್ತು ಕ್ರಿಸ್‌ಮಸ್ ಸಮಯದಲ್ಲಿ ರೂಮಿನ ದರ ಸ್ಟಾರುಗಳ ಸಂಭಾವನೆಯಂತೆ ಏರುತ್ತದೆ. ಬಿಸಿಲೂ ಇರಬೇಕು, ನೂಕುನುಗ್ಗಲೂ ಇರಬಾರದು ಅಂತ ನಾವು ಹಿಡಿದದ್ದು 2025ರ ಮೇ ತಿಂಗಳು.

ಇನ್ನೊಂದು ದಿನ ಗುರುತು ಹಾಕಿಕೊಳ್ಳಿ. ಅವರ ಶಕ ವರ್ಷದ ಮೊದಲ ದಿನ ನ್ಯೆಪಿ, ಅಂದರೆ ಮೌನದ ದಿನ. ಅಂದು ಇಡೀ ದ್ವೀಪದಲ್ಲಿ ದೀಪ ಹಚ್ಚುವುದಿಲ್ಲ, ಬೀದಿಗಿಳಿಯುವುದಿಲ್ಲ, ವಿಮಾನ ನಿಲ್ದಾಣಕ್ಕೂ 24 ಗಂಟೆ ಬೀಗ! ಹೆಚ್ಚಿನ ವರ್ಷ ಅದು ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2023ರಲ್ಲಂತೂ ಎರಡೂ ಮಾರ್ಚ್ 22ಕ್ಕೇ ಬಿದ್ದಿದ್ದವು. ಹಬ್ಬದ ರಜಕ್ಕೆ ಹೊರಡುವವರು ಕ್ಯಾಲೆಂಡರ್ ನೋಡಿಯೇ ಟಿಕೆಟ್ ತೆಗೆಯಿರಿ.

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದದ್ದು 2024ರ ಮಾರ್ಚ್‌ನಲ್ಲಿ. ಮೂರು ತಿಂಗಳು ಮೊದಲೇ ತೆಗೆದದ್ದರಿಂದ ಇಬ್ಬರಿಗೆ ಹೋಗಿಬರಲು ಸುಮಾರು 60,000 ಆಯಿತು. ಬಜೆಟ್ಟಿನ ಅರ್ಧ ಭಾಗ ಆಕಾಶದಲ್ಲೇ ಖಲಾಸ್! ಹಾಗಾಗಿ ಟಿಕೆಟ್ಟಿನಲ್ಲಿ ಉಳಿಸಿದ ಸಾವಿರಕ್ಕೆ ಇರುವ ಬೆಲೆ, ಅಲ್ಲಿ ಹೋಗಿ ಎಳನೀರಿನಲ್ಲಿ ಉಳಿಸಿದ ಹತ್ತು ರೂಪಾಯಿಗೆ ಇಲ್ಲ.

ಇಳಿದ ಕೂಡಲೇ ವೀಸಾ. ತಲೆಗೆ ಐದು ಲಕ್ಷ ರುಪಿಯಾ. ಅದರ ಜತೆಗೆ 2024ರ ಫೆಬ್ರವರಿ 14ರಿಂದ ವಿದೇಶಿ ಪ್ರವಾಸಿಗರಿಗೆ ಒಂದೂವರೆ ಲಕ್ಷ ರುಪಿಯಾ ಪ್ರವೇಶ ಕಾಣಿಕೆ. "ಅಯ್ಯಯ್ಯೋ, ಲಕ್ಷಗಳಾ!" ಅಂತ ನಮ್ಮಾಕೆ ಎದೆ ಹಿಡಿದುಕೊಂಡಳು. ಗಾಬರಿ ಬೇಡ. ನಾವು ಹೋದಾಗ ನಮ್ಮ ಒಂದು ರೂಪಾಯಿಗೆ ಅವರ ಸುಮಾರು 190 ರುಪಿಯಾ. ಮೂರು ಸೊನ್ನೆ ಹೊಡೆದುಹಾಕಿ, ಉಳಿದದ್ದನ್ನು ಐದೂಕಾಲಿನಿಂದ ಗುಣಿಸಿ. ಒಂದು ಲಕ್ಷ ರುಪಿಯಾ ಅಂದರೆ ನಮ್ಮ 525 ರೂಪಾಯಿ, ಅಷ್ಟೇ. ಇಬ್ಬರ ವೀಸಾ, ಕಾಣಿಕೆ ಎಲ್ಲ ಸೇರಿ 6,850.

ನೋಟಿನ ಮೇಲೆ ಗಣೇಶ ಇದ್ದಾನಂತೆ ಅಂತ ಹುಡುಕಬೇಡಿ. 1998ರ 20,000ದ ನೋಟಿನಲ್ಲಿ ಗಣಪ ಇದ್ದದ್ದು ನಿಜ, ಆದರೆ ಆ ನೋಟು ಈಗ ಚಲಾವಣೆಯಲ್ಲಿಲ್ಲ. ದುಡ್ಡು ಬದಲಿಸುವಾಗ ಬೇರೆಯವರಿಗಿಂತ ಹೆಚ್ಚು ದರ ಬರೆದ ಸಂದಿಯ ಅಂಗಡಿಗಳತ್ತ ತಿರುಗಿಯೂ ನೋಡಬೇಡಿ. ಲೈಸೆನ್ಸ್ ಇರುವ ಕಡೆ ಹೋಗಿ. ಕೊನೆಯ ಎಣಿಕೆ ನಿಮ್ಮದೇ ಆಗಿರಲಿ. ನೀವು ಎಣಿಸಿದ ಮೇಲೆ ಆ ಕಂತೆ ಮತ್ತೆ ಅವನ ಕೈಗೆ ಹೋಗಬಾರದು!

ಲೊಕೇಶನ್ ಶಿಫ್ಟ್ ಎಂಬ ಖಳನಾಯಕ

ನಮ್ಮ ಲೈನಿನಲ್ಲಿ ಒಂದು ಮಾತಿದೆ: ಯೂನಿಟ್ ಹಾಳಾಗುವುದು ಊಟದಿಂದಲ್ಲ, ಲೊಕೇಶನ್ ಬದಲಾವಣೆಯಿಂದ. ಬಾಲಿಗೂ ಅದೇ ಸೂತ್ರ. ಅಲ್ಲಿ ರೈಲಿಲ್ಲ, ನಮ್ಮ ಕೆಂಪು ಬಸ್ಸಿನಂತೆ ಊರೂರಿಗೂ ಹೋಗುವ ಬಸ್ಸೂ ಇಲ್ಲ. ಇಂದು ಉತ್ತರ, ನಾಳೆ ದಕ್ಷಿಣ ಅಂತ ಓಡಾಡಿದರೆ ಕಾರಿನ ಬಾಡಿಗೆಯೇ ನಿಮ್ಮನ್ನು ನುಂಗುತ್ತದೆ. ಡ್ರೈವರ್ ಸಮೇತ ಕಾರಿಗೆ ನಾವು ದಿನಕ್ಕೆ ಆರು ಲಕ್ಷ ರುಪಿಯಾ ಕೊಟ್ಟೆವು, ಅಂದರೆ 3,150 ರೂಪಾಯಿ. ಹಾಗಾಗಿ ಏಳು ದಿನದಲ್ಲಿ ಮೂರೇ ದಿನ ಕಾರು. ಒಂದೊಂದು ದಿಕ್ಕಿನ ಜಾಗಗಳನ್ನು ಒಂದೊಂದು ದಿನಕ್ಕೆ ಸೇರಿಸಿ ಕಾಲ್‌ಶೀಟ್ ಬರೆದೆ. ಉಳಿದ ದಿನ ಕಾಲ್ನಡಿಗೆ, ಇಲ್ಲವೇ ಫೋನಿನಲ್ಲಿ ಕರೆಯುವ ಟ್ಯಾಕ್ಸಿ.

ಸ್ಕೂಟರ್ ಅಗ್ಗವಲ್ಲವೇ ಅಂತೀರಿ. ಹೌದು, ದಿನಕ್ಕೆ ಒಂದು ಲಕ್ಷ ರುಪಿಯಾದೊಳಗೆ ಸಿಗುತ್ತದೆ. ನಾಯಕ ನಾಯಕಿ ಸ್ಕೂಟರ್ ಮೇಲೆ ಹಾಡುತ್ತಾ ಹೋಗುವುದು ತೆರೆಗೆ ಚೆಂದ. ಆದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪೊಲೀಸರ ದಂಡವೂ ಉಂಟು, ವಿಮೆಯವರು ಕೈ ಎತ್ತುವುದೂ ಉಂಟು. ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಪರವಾನಗಿ ಮಾಡಿಸಿ, ಆಮೇಲೆ ಹಾಡು.

ಮಲಗಲು ನಾವು ಆರಿಸಿದ್ದು ಎರಡೇ ಊರು. ಗದ್ದೆಗಳ ನಡುವಿನ ಉಬುದ್‌ನಲ್ಲಿ ನಾಲ್ಕು ರಾತ್ರಿ, ಶಾಂತವಾದ ಪೂರ್ವ ಕಡಲ ಸಾನೂರ್‌ನಲ್ಲಿ ಮೂರು. ಉಬುದ್‌ನಲ್ಲಿ ಹೋಟೆಲಲ್ಲ, ಒಂದು ಮನೆ. ಹಳೆಯ ಕುಟುಂಬದ ವಠಾರದಲ್ಲೇ ನಾಲ್ಕು ರೂಮು ಬಾಡಿಗೆಗೆ. ಬೆಳಗಿನ ತಿಂಡಿ ಸೇರಿ ರಾತ್ರಿಗೆ ಮೂರೂವರೆ ಲಕ್ಷ ರುಪಿಯಾ, ನಮ್ಮ 1,840 ರೂಪಾಯಿ. ವಠಾರದ ಈಶಾನ್ಯ ಮೂಲೆಯಲ್ಲಿ ಅವರ ಮನೆದೇವರ ಗುಡಿ. ನಮ್ಮಾಕೆ ಅದನ್ನು ನೋಡಿ, "ನಮ್ಮ ಕಡೆಯವರೇ ಕಣ್ರೀ!" ಅಂದಳು.

ಊಟಕ್ಕೆ ವಾರುಂಗ್. ನಮ್ಮ ಮೆಸ್ಸಿನಂಥ ಮನೆಯೂಟದ ಅಂಗಡಿ. ಅನ್ನದ ಸುತ್ತ ನಾಲ್ಕೈದು ಪಲ್ಯ ಇಟ್ಟು ಕೊಡುವ ನಾಸಿ ಚಂಪುರ್ ತಟ್ಟೆಗೆ 30,000ದಿಂದ 40,000 ರುಪಿಯಾ. ಸಸ್ಯಾಹಾರಿಗಳಿಗೆ ಸೋಯಾ ಕಾಳಿನ ಟೆಂಪೆ ಇದೆ, ಕಡಲೆಕಾಯಿ ಗೊಜ್ಜು ಸುರಿದ ಗಾಡೋ ಗಾಡೋ ಇದೆ. ಆದರೆ ಖಾರದ ಸಾಂಬಾಲ್‌ನಲ್ಲಿ ಸಿಗಡಿಯ ತೆರಾಸಿ ಬೆರೆತಿರಬಹುದು, ಕೇಳಿಯೇ ತಿನ್ನಿ. ದೊಡ್ಡ ಹೋಟೆಲಿನ ಬೆಲೆಪಟ್ಟಿಯಲ್ಲಿ ಎರಡು ಪ್ಲಸ್ ಗುರುತು ಕಂಡರೆ ತೆರಿಗೆ, ಸೇವಾಶುಲ್ಕ ಬೇರೆ ಅಂತ ಅರ್ಥ. ಅದು ನೂರಕ್ಕೆ 21ರವರೆಗೂ ಹೋಗುತ್ತದೆ!

ಕನ್ನಡಿಯೊಳಗಿನ ಕೆರೆ

ಬಾಲಿಯ ಒಂದು ಫೋಟೋ ನೀವೂ ನೋಡಿರುತ್ತೀರಿ. ಎರಡು ಸೀಳಾದ ಕಲ್ಲಿನ ಹೆಬ್ಬಾಗಿಲು, ಹಿಂದೆ ಅಗುಂಗ್ ಪರ್ವತ, ಮುಂದೆ ತಿಳಿನೀರಿನ ಕೆರೆ, ಅದರಲ್ಲಿ ಬಾಗಿಲಿನ ಪ್ರತಿಬಿಂಬ. ಲೆಂಪುಯಾಂಗ್ ದೇವಸ್ಥಾನದ 'ಸ್ವರ್ಗದ ಬಾಗಿಲು' ಅದು. ಮಗಳು ಫೋನಿನಲ್ಲಿ ಅದನ್ನೇ ಕಳಿಸಿ, "ಅಮ್ಮಾ, ಇಲ್ಲೊಂದು ಫೋಟೋ ಬೇಕೇ ಬೇಕು," ಅಂದಿದ್ದಳು.

ಕೆರೆ ಎಲ್ಲಿದೆ ಗೊತ್ತೇ? ಎಲ್ಲೂ ಇಲ್ಲ! ಫೋಟೋ ತೆಗೆಯುವವನು ಫೋನಿನ ಲೆನ್ಸಿನ ಕೆಳಗೆ ಒಂದು ಸಣ್ಣ ಕನ್ನಡಿ ಹಿಡಿಯುತ್ತಾನೆ. ಅಷ್ಟೇ, ಕೆರೆ ಹುಟ್ಟಿತು! ನಮ್ಮಲ್ಲಿ ಇಂಥ ಟ್ರಿಕ್ ಶಾಟ್ ಎಷ್ಟೋ ನೋಡಿದ್ದೇನೆ. ಆ ಒಂದು ಫೋಟೋಗೆ ಉಬುದ್‌ನಿಂದ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಸರದಿಯಲ್ಲಿ ಇನ್ನೂ ಮೂರು ಗಂಟೆ ಆದೀತು ಅಂದ ಡ್ರೈವರ್. ಒಂದು ಇಡೀ ಕಾರಿನ ದಿನ! ನಾನು ಏನೂ ಹೇಳಲಿಲ್ಲ. ದುಡ್ಡು ಅವಳದು, ತೀರ್ಮಾನವೂ ಅವಳದೇ.

ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ಅಂದಳು, "ಇಲ್ಲದ ಕೆರೆ ಯಾಕೆ? ಇರೋ ಕಡಲು ನೋಡೋಣ."

ಆ ದಿನದ ಕಾರು ದಕ್ಷಿಣದ ಉಲುವಾತುವಿಗೆ ತಿರುಗಿತು. ಕಡಲ ಬಂಡೆಯ ತುದಿಯಲ್ಲಿ ದೇವಸ್ಥಾನ, ಪಕ್ಕದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಕೆಚಕ್ ಕುಣಿತ. ಟಿಕೆಟ್ ತಲೆಗೆ ಒಂದೂವರೆ ಲಕ್ಷ ರುಪಿಯಾ. ವಾದ್ಯವಿಲ್ಲ, ಆರ್ಕೆಸ್ಟ್ರಾ ಇಲ್ಲ. ಹತ್ತಾರು ಗಂಡಸರು ಸುತ್ತು ಕಟ್ಟಿ ಕೂತು 'ಚಕ್ ಚಕ್ ಚಕ್' ಅನ್ನುವ ದನಿಯಲ್ಲೇ ಇಡೀ ರಾಮಾಯಣ! ಹನುಮಂತ ಬೆಂಕಿಯ ನಡುವೆ ಹಾರಿದಾಗ ನಮ್ಮಾಕೆ ಎದ್ದು ನಿಂತು ಕೈ ಮುಗಿದಳು. ಇದಕ್ಕೂ ಸಿನಿಮಾದ ನಂಟಿದೆ ನೋಡಿ. ಹಳೆಯ ಆವೇಶದ ಆಚರಣೆಯ ಹಾಡನ್ನು ರಾಮಾಯಣಕ್ಕೆ ಜೋಡಿಸಿ ಈ ರೂಪ ಕೊಟ್ಟದ್ದು 1930ರ ದಶಕದಲ್ಲಿ. ಬಾಲಿಯ ಕಲಾವಿದರ ಜತೆ ಕೈಗೂಡಿಸಿದವನು ಅಲ್ಲೇ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್. ಅವನು ದುಡಿದ 'ಇನ್ಸೆಲ್ ಡೆರ್ ಡೆಮೋನೆನ್' ಎಂಬ 1933ರ ಜರ್ಮನ್ ಚಿತ್ರಕ್ಕೂ ಈ ಕುಣಿತಕ್ಕೂ ಹತ್ತಿರದ ಸಂಬಂಧ.

ಕಾಲಂ ಇಲ್ಲದ ಬಾಬತ್ತು

ಇನ್ನು ಬಿಟ್ಟಿ ಸಿಕ್ಕಿದ್ದು. ಏಪ್ರಿಲ್ 23ಕ್ಕೆ ಗಲುಂಗಾನ್ ಹಬ್ಬ ಆಗಿತ್ತು. ಅದು ಬರುವುದು 210 ದಿನಕ್ಕೊಮ್ಮೆ. ಬಿದಿರ ಗಳುವನ್ನು ತೆಂಗಿನ ಗರಿಯಿಂದ ಸಿಂಗರಿಸಿದ ಪೆಂಜೋರ್‌ಗಳು ಮನೆಮನೆ ಮುಂದೆ ಬಾಗಿ ನಿಂತಿದ್ದವು. ಯಾವ ಕಲಾ ನಿರ್ದೇಶಕ ಹಾಕಿದ ಸೆಟ್ಟೂ ಅದರ ಮುಂದೆ ನಿಲ್ಲದು. ಗದ್ದೆಗಳನ್ನು ನೋಡಲೂ ಟಿಕೆಟ್ ಜಾಗಕ್ಕೇ ಹೋಗಬೇಕೆಂದಿಲ್ಲ. ಉಬುದ್‌ನ ಸುತ್ತ ಬದುವಿನ ಮೇಲೆ ನಡೆದರೆ ಸಾಕು. ಊರವರೆಲ್ಲ ಸೇರಿ ನೀರು ಹಂಚಿಕೊಳ್ಳುವ ಅವರ ಸುಬಕ್ ಪದ್ಧತಿ 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಆದರೆ ನಮ್ಮಾಕೆಗೆ ಬಾಲಿ ಅಂದರೆ ಆ ವಠಾರದ ಜಗಲಿ. ದಿನಾ ಬೆಳಿಗ್ಗೆ ಮನೆಯ ಯಜಮಾನಿ ಎಳೆ ಗರಿಯನ್ನು ಮಡಿಸಿ, ಬಿದಿರ ಕಡ್ಡಿಯಿಂದ ಚುಚ್ಚಿ, ಅಂಗೈಯಗಲದ ಬುಟ್ಟಿ ಮಾಡಿ, ಹೂವಿಟ್ಟು ದೇವರಿಗೆ ಅರ್ಪಿಸುತ್ತಿದ್ದಳು. ಚಾನಂಗ್ ಅಂತ ಅದರ ಹೆಸರು. ಎರಡನೇ ದಿನ ನಮ್ಮಾಕೆ ಪಕ್ಕದಲ್ಲಿ ಕೂತಳು. ಇವಳಿಗೆ ಅವಳ ಭಾಷೆ ಬಾರದು, ಅವಳಿಗೆ ಇವಳದು. ಹೊಲಿಗೆಯವಳ ಬೆರಳಲ್ಲವೇ, ಮೂರನೇ ದಿನಕ್ಕೆ ಬುಟ್ಟಿ ಸರಾಗ ಬಂತು! ಆ ಯಜಮಾನಿ ತನ್ನ ಕೆಬಾಯಾ ರವಿಕೆಯ ಕಸೂತಿ ಬಿಚ್ಚಿ ತೋರಿಸಿದಳು. ಇವಳು ಒಳಹೊಲಿಗೆ ಮುಟ್ಟಿ ಮುಟ್ಟಿ ನೋಡಿದಳು. ಇಪ್ಪತ್ತೈದು ವರ್ಷದಲ್ಲಿ ಅವಳು ಬರೀ ಕೂತು ನಕ್ಕದ್ದನ್ನು ನಾನು ಅಷ್ಟು ಹೊತ್ತು ನೋಡಿಯೇ ಇರಲಿಲ್ಲ. ಇದಕ್ಕೆ ನನ್ನ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ ಸ್ವಾಮೀ!

ಲೆಕ್ಕ ಒಪ್ಪಿಸುತ್ತೇನೆ

ಇಬ್ಬರಿಗೆ ಏಳು ರಾತ್ರಿ: ವಿಮಾನ 60,000. ವೀಸಾ, ಕಾಣಿಕೆ 6,850. ರೂಮು 14,500. ಊಟ 9,200. ಕಾರು, ಟ್ಯಾಕ್ಸಿ 14,700. ಟಿಕೆಟ್ಟುಗಳು 4,200. ವಿಮೆ 1,500. ಒಟ್ಟು 1,11,000ಕ್ಕೆ ಐವತ್ತು ಕಡಿಮೆ. ಇದರ ಮೇಲೆ ನೂರಕ್ಕೆ ಹತ್ತರಂತೆ ಆಪತ್ಕಾಲಕ್ಕೆ ಇಟ್ಟದ್ದರಲ್ಲಿ ಹೊಟ್ಟೆನೋವಿನ ಮಾತ್ರೆ, ಮಗಳಿಗೆ ಉಡುಗೊರೆ, ಮೂರು ಲಕ್ಷ ರುಪಿಯಾದ ಕೆಬಾಯಾ ಲೇಸು ಅಂತ ಹೋದದ್ದು 5,350. ಎಲ್ಲ ಸೇರಿ 1,16,300. ಉಳಿತಾಯ 8,700! ಅದು ಓವರ್‌ಲಾಕ್ ಮಷೀನಿನ ದುಡ್ಡಿನ ಜತೆ ಸೇರಿ, ಟೇಬಲ್ಲು, ಮೋಟಾರಿಗೂ ಆಯಿತು.

ನೀವು ಹೊರಡುವಾಗ ದರ ಏರಿರಬಹುದು, ಇಳಿದಿರಬಹುದು. ಸೂತ್ರ ಮಾತ್ರ ಬದಲಾಗದು. ಟಿಕೆಟ್ ಬೇಗ ತೆಗೆಯಿರಿ, ಎರಡೇ ಊರಲ್ಲಿ ಮಲಗಿ, ಕಾರಿನ ದಿನ ಎಣಿಸಿ, ನೂರಕ್ಕೆ ಹತ್ತು ಪಕ್ಕಕ್ಕಿಡಿ. ಪ್ರತಿ ಖರ್ಚಿಗೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಕನ್ನಡಿ ತೆಗೆದ ಮೇಲೂ ಇದು ಇರುತ್ತದೆಯೇ? ಇರುತ್ತದೆ ಅಂದರೆ ಧಾರಾಳವಾಗಿ ಕೊಡಿ. ಇಲ್ಲ ಅಂದರೆ ಕೈಮುಗಿದು 'ಸುಕ್ಸ್ಮಾ' ಅನ್ನಿ. ಬಾಲಿಯವರ ಭಾಷೆಯಲ್ಲಿ ವಂದನೆ ಅಂತ ಅರ್ಥ. ಅದಕ್ಕೆ ಖರ್ಚಿಲ್ಲ!