ಜೋಡಿಗೊಬ್ಬ ಬೇಕು

ಮಾನ್ವಿಯ ಆ ಅಜ್ಜನಿಗೆ ಎಪ್ಪತ್ತು ದಾಟಿದೆ. ಎರಡೂ ಕಿವಿಗಳು ಒಣಗಿದ ಅಂಜೂರದಂತೆ ಮುದುಡಿವೆ. ಅದು ವಯಸ್ಸಿನ ಗುರುತಲ್ಲ, ಕುಸ್ತಿಯ ಗುರುತು. ಒಂದು ಕಾಲಕ್ಕೆ ದೇವದುರ್ಗದ ಕಡೆ ಜಾತ್ರೆಯಾದರೆ ಹೋಗಿ, ಬೆಳ್ಳಿ ಕಡಗ ಗೆದ್ದು ಬರುತ್ತಿದ್ದ ಪೈಲ್ವಾನ ಆತ.

ಮೊಮ್ಮಗ ರಾಯಚೂರಿನಲ್ಲಿ ಕಾಲೇಜು ಓದುತ್ತ ಕುಂಗ್‌ಫೂ ಕಲಿಯುತ್ತಿದ್ದಾನೆ. ರಜೆಗೆ ಬಂದವನು ಅಂಗಳದಲ್ಲಿ ಗಾಳಿಗೆ ಗುದ್ದುತ್ತ, ಗಾಳಿಯನ್ನೇ ಒದೆಯುತ್ತ, ಚೀನಾದ ಶಾವೊಲಿನ್ ಮಠದ ಕಥೆ ಹೇಳಿದ. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೆಂಬ ಭಿಕ್ಷು ಅಲ್ಲಿನ ಸನ್ಯಾಸಿಗಳಿಗೆ ವ್ಯಾಯಾಮ ಕಲಿಸಿದನಂತೆ. ಇತಿಹಾಸಕ್ಕಿಂತ ಐತಿಹ್ಯವೇ ಹೆಚ್ಚಾದ ಈ ಕಥೆ ಕೇಳಿ ಅಜ್ಜ ನಕ್ಕ. "ಅಷ್ಟು ದೂರ ಹೋಗಿ ಕಲಿಸ್ಯಾನಂದ್ರ, ಇಲ್ಲೂ ಏನರ ಇದ್ದಿರಬೇಕಲ್ಲೋ ತಮ್ಮಾ?"

ಇಲ್ಲಿ ಇದ್ದುದಕ್ಕೆ ಬರಹದ ಸಾಕ್ಷಿಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ದರ್ಜೆ, ಆಹಾರ, ಸಾಧನೆಗಳ ವಿವರವಿದೆ. 1520ರಲ್ಲಿ ರಾಯಚೂರು ಕೋಟೆಗಾಗಿ ಕಾದಿ ಗೆದ್ದ ಕೃಷ್ಣದೇವರಾಯ ನಸುಕಿನಲ್ಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಹಚ್ಚಿಕೊಂಡು, ಭಾರ ಎತ್ತಿ, ತನ್ನ ಮಲ್ಲರೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿದ್ದಾನೆ. ಕುಸ್ತಿ, ಪೈಲ್ವಾನ, ಉಸ್ತಾದ ಎಂಬ ಮಾತುಗಳು ಪಾರಸಿಯಿಂದ ಬಂದು ಗರಡಿಯ ಹನುಮಪ್ಪನ ಪಟದ ಕೆಳಗೇ ನೆಲೆನಿಂತವು.

ಅಜ್ಜ ಮೊಮ್ಮಗನ ತೋಳು ಹಿಡಿದ. ಹೇಳಿಕೊಟ್ಟದ್ದು ಧೋಬಿ ಪಟ್ಟು. ಎದುರಾಳಿಯ ತೋಳನ್ನು ಎರಡೂ ಕೈಯಿಂದ ಬಿಗಿದು, ಗಕ್ಕನೆ ತಿರುಗಿ ಬೆನ್ನು ಕೊಟ್ಟು, ಅಗಸ ಬಟ್ಟೆ ಒಗೆಯುವಂತೆ ಹೆಗಲ ಮೇಲಿಂದ ಎತ್ತಿ ಹಾಕಬೇಕು. ಬೆನ್ನು ಮಣ್ಣಿಗೆ ಹತ್ತಿದರೆ ಚಿತ್. "ಅವಸರ ಮಾಡಬ್ಯಾಡ. ಅಂವ ಮೈಮ್ಯಾಲ ಬರೂತನಕ ತಡಿ. ಅವನ ಜೋರೇ ಅವನ್ನ ಕೆಡವತದ."

"ನಮ್ಮ ಮಾಸ್ತರೂ ಹಿಂಗ ಅಂತಾರ! ನನ್ನ ಮ್ಯಾಲ ಹಾಕಿ ತೋರಿಸು."

ಅಜ್ಜ ಅಂಗಳದ ಶಹಾಬಾದಿ ಪರಸಿ ನೋಡಿ ಕೈಬಿಟ್ಟ. ಗರಡಿಗೇ ಹೋದರು. ಗದೆಗೆ ಜೇಡ ಬಲೆ ಕಟ್ಟಿತ್ತು. ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುತ್ತಿದ್ದ ಕೆಮ್ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು.

"ಯಾಕ ಬಿಟ್ಟಿ ಅಜ್ಜಾ?"

"ನಾ ಎಲ್ಲಿ ಬಿಟ್ಟೀನಿ? ಜೋಡಿ ಹೋದ."

ಇಪ್ಪತ್ತು ವರ್ಷ ದಿನಾ ನಸುಕಿನಲ್ಲಿ ಕೈ ಕೊಟ್ಟ ಗೆಳೆಯ ತೀರಿಕೊಂಡಿದ್ದ. ದಂಡ, ಬಸ್ಕಿ ಒಬ್ಬನೇ ಹೊಡೆಯಬಹುದು, ಗದೆಯನ್ನೂ ತಿರುಗಿಸಬಹುದು. ಪಟ್ಟು ಮಾತ್ರ ಇನ್ನೊಂದು ಮೈಯ ಮೇಲೇ ಕಲಿಯಬೇಕು. ತನ್ನನ್ನು ಬೀಳಿಸಿಕೊಳ್ಳಲು ಒಪ್ಪುವ ಗೆಳೆಯನಿಲ್ಲದೆ ಯಾವ ಪೈಲ್ವಾನನೂ ತಯಾರಾಗುವುದಿಲ್ಲ. ಗರಡಿ ಮುಚ್ಚುವುದು ಉಸ್ತಾದ ಇಲ್ಲದಾಗ ಅಲ್ಲ, ಜೋಡಿ ಇಲ್ಲದಾಗ.

ಹುಡುಗ ಮಾತಾಡಲಿಲ್ಲ. ಸಂಜೆ ಸಲಿಕೆ ತಂದು, ಕೈ ಬೊಬ್ಬೆ ಬರುವವರೆಗೆ ಮಣ್ಣು ಅಗೆದ. ಮರುದಿನ ರಾಯಚೂರು ಬಸ್ಸು ಹತ್ತುವಾಗ, "ಬರೂ ಐತವಾರ ಕ್ಲಾಸಿನ ಗೆಳ್ಯಾನ್ನ ಕರ್ಕೊಂಡು ಬರ್ತೀನಿ" ಎಂದ.

ಬರುತ್ತಾನೋ ಇಲ್ಲವೋ, ಅಜ್ಜ ಅಂದಿನಿಂದ ದಿನಾ ಸಂಜೆ ಕೊಡ ಹೊತ್ತು ಗರಡಿಗೆ ಹೋಗುತ್ತಿದ್ದಾನೆ. ಐತವಾರದ ಹೊತ್ತಿಗೆ ಮಣ್ಣು ಮೆತ್ತಗಾಗಬೇಕು.