ಮೊಟ್ಟೆಯೊಳಗಿನ ಜೀವಕ್ಕೆ ಕೈ ನೀಡುವುದು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರು ಊರುಗಳಲ್ಲಿ ಹಂಚಿಹೋಗಿರುವ ನಮ್ಮ ಕುಟುಂಬದಲ್ಲಿ ಧರ್ಮಚರ್ಚೆಗೆ ಬರುವ ವಿಷಯಗಳು ಗಡ್ಡೆಗೆಣಸು, ರಾತ್ರಿಭೋಜನ, ನೀರು ಸೋಸುವ ಬಟ್ಟೆ ಇಂಥವೇ. ಧಾನ್ಯದ ಅಂಗಡಿಯವರಾದ್ದರಿಂದ ತೊಗರಿಯ ನುಸಿ, ಹೆಸರಿನ ಹುಳುವಿನ ಮೇಲೂ ಗಂಟೆಗಟ್ಟಲೆ ವಾದವಾಗುವುದುಂಟು. ಆದರೆ 2023ರ ಚಾತುರ್ಮಾಸದಲ್ಲಿ ನಮ್ಮ ಮನೆಯವರ ನಿದ್ದೆ ಕೆಡಿಸಿದ್ದು ಕೋಳಿಮರಿ. ಕೋಳಿಯ ಹೆಸರೆತ್ತಿದರೆ ಮುಖ ತಿರುಗಿಸುವ ಓದುಗರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಮೊದಲೇ ಕೇಳಿಕೊಳ್ಳುತ್ತೇವೆ.

ಜಹೀರಾಬಾದಿನ ನಮ್ಮ ಅಂಗಡಿಯ ಹಿಂದಿನ ಗೋಡೆಗೆ ಹೊಂದಿಕೊಂಡು ಒಬ್ಬ ದರ್ಜಿಯ ಮನೆಯಿದೆ. ಮಕ್ಕಳು ಅವರನ್ನು ದರ್ಜಿ ಕಾಕಾ ಎನ್ನುತ್ತಾರೆ. ನಾಲ್ಕೈದು ಜವಾರಿ ಕೋಳಿ ಸಾಕಿದ್ದ ಅವರು, ಕೋಳಿ ಕಾವಿಗೆ ಕೂಡುವುದನ್ನು ಕಾಯಲಾರದೆ, ಮರಿ ಮಾಡುವ ಪೆಟ್ಟಿಗೆಯೊಂದನ್ನು ತಾವೇ ಸಿದ್ಧಮಾಡಿದ್ದರು. ಔಷಧಿ ಅಂಗಡಿಯಿಂದ ತಂದ ಥರ್ಮೋಕೋಲ್ ಡಬ್ಬಿ, ಒಳಗೆ ಎರಡು ಬಲ್ಬು, ಶಾಖ ಏರಿದರೆ ಬಲ್ಬು ಆರಿಸಿ ಇಳಿದರೆ ಹೊತ್ತಿಸುವ ಸಣ್ಣದೊಂದು ಯಂತ್ರ, ಹಳೆಯ ಕಂಪ್ಯೂಟರಿನ ಫ್ಯಾನು, ಮೂಲೆಯಲ್ಲಿ ನೀರಿನ ಬಟ್ಟಲು. ಶಾಖ 37.5 ಡಿಗ್ರಿಯ ಆಸುಪಾಸಿನಲ್ಲಿರಬೇಕು. 18ನೆಯ ದಿನದವರೆಗೆ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕು. ತಾಯಿಕೋಳಿ ತಾನೇ ಮಾಡುವ ಕೆಲಸವಿದು. ಆಮೇಲೆ ಹೊರಳಿಸುವುದನ್ನು ನಿಲ್ಲಿಸಿ, ನೀರು ಹೆಚ್ಚಿಸಿ, ಮುಚ್ಚಳ ತೆರೆಯದೆ ಕಾಯಬೇಕು. 21ನೆಯ ದಿನಕ್ಕೆ ಮರಿ. ಈಜಿಪ್ಟ್ ದೇಶದಲ್ಲಿ ಸಾವಿರಾರು ವರ್ಷಗಳಿಂದ ಮಣ್ಣಿನ ಒಲೆಮನೆಗಳಲ್ಲಿ ಹೀಗೆ ಮರಿ ಮಾಡುತ್ತಿದ್ದರಂತೆ. ಅಲ್ಲಿನವರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿಕೊಂಡೇ ಶಾಖದ ಅಳತೆ ಹೇಳುತ್ತಿದ್ದರು. ನಮ್ಮ ದರ್ಜಿಗೆ ಥರ್ಮಾಮೀಟರ್ ಇತ್ತು. ಇಲ್ಲದ್ದು ಕರೆಂಟಿನ ಭರವಸೆ.

ಮೊಟ್ಟೆ ಇಟ್ಟ 19ನೆಯ ರಾತ್ರಿ ಮಳೆ ಹಿಡಿದು ಕರೆಂಟ್ ಹೋಯಿತು. ಒಂದು ಗಂಟೆ, ಎರಡು ಗಂಟೆಯಾದರೂ ಬರಲಿಲ್ಲ. ದರ್ಜಿ ಹಿತ್ತಲ ಬಾಗಿಲಿಗೆ ಬಂದು ನಿಂತರು. “ಸೇಠಜಿ, ನಿಮ್ಮ ಇನ್ವರ್ಟರಿಂದ ಒಂದು ವಾಯರ್ ಕೊಡ್ತೀರೇನ್ರಿ? ಪೆಟ್ಟಿಗಿ ತಣ್ಣಗ ಆಗಲತ್ತದ.”

ಬೇರೆ ಯಾವ ಕೆಲಸಕ್ಕೆ ಕೇಳಿದ್ದರೂ ಮರುಮಾತಿಲ್ಲದೆ ಕೊಡುತ್ತಿದ್ದೆವು. ಆದರೆ ಚಾತುರ್ಮಾಸಕ್ಕೆಂದು ನಾರಾಯಣಖೇಡದಿಂದ ಅತ್ತೆ ಬಂದಿದ್ದರು. ಅವರು ನಮ್ಮ ತಂದೆಯ ತಂಗಿ; ವ್ರತನಿಯಮಗಳಲ್ಲಿ ನಮ್ಮೆಲ್ಲರಿಗಿಂತ ಬಿಗಿ. “ಕೋಳಿ ಸಾಕೋರಿಗೆ ಕರೆಂಟ್ ಕೊಡೋದಂದ್ರ ಏನು ವೈನಿ? ನಾಳೆ ಇವು ದೊಡ್ಡವಾಗಿ ಕತ್ತಿಗೆ ಹೋಗ್ತಾವ. ಮಾಡೋದು, ಮಾಡಸೋದು, ಹೌದನ್ನೋದು, ಮೂರಕ್ಕೂ ಪಾಪ ಅದ” ಎಂದರು. ಕೃತ, ಕಾರಿತ, ಅನುಮೋದನ ಎಂಬ ಮಾತು ಶ್ರಾವಕರಾದ ನಮಗೆ ಹೊಸದಲ್ಲ. ಅತ್ತೆಯ ವಾದ ತೆಗೆದುಹಾಕುವಂಥದ್ದಾಗಿರಲಿಲ್ಲ. ಕೋಳಿ ವ್ಯಾಪಾರಕ್ಕೆ ಬಂಡವಾಳ ಹಾಕಲು ನಮ್ಮವರು ಒಪ್ಪುವುದಿಲ್ಲವೆಂದರೆ, ಕರೆಂಟೂ ಒಂದು ಬಗೆಯ ಬಂಡವಾಳವೇ ಅಲ್ಲವೆ?

ಆಯಿ ಜಪಮಾಲೆ ಕೆಳಗಿಟ್ಟರು. “ಏಳನೇ ದಿನ ದರ್ಜಿ ಬ್ಯಾಟರಿ ಹಿಡದು ತತ್ತಿ ತೋರ್ಸ್ಯಾನ. ಒಳಗ ಕೆಂಪು ನರ, ನಡುವ ಒಂದು ಚುಕ್ಕಿ ಮಿಡೀತಿತ್ತು. ನಾನೇ ನೋಡೀನಿ. ಈಗ ಒಳಗ ಕಣ್ಣು ಕಿವಿ ಎಲ್ಲಾ ಆದ ಜೀವ ಅದ. ಮುಂದ ಅವ ಏನು ಮಾಡ್ತಾನ ಅದು ಅವನ ಕರ್ಮ. ಈ ರಾತ್ರಿ ತಣ್ಣಗ ಆಗಿ ಸತ್ತರ ಅದು ನಮ್ಮ ಬಾಗಿಲ ಮುಂದ ಸತ್ತಂಗ.” ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಗರ್ಭಜನ್ಮವನ್ನು ಜರಾಯುಜ, ಅಂಡಜ, ಪೋತ ಎಂದು ಮೂರಾಗಿ ಹೇಳಿರುವುದನ್ನು ಬಲ್ಲವರು ಬಲ್ಲರು. ಮೊಟ್ಟೆಯೂ ಗರ್ಭವೇ. ಆಯಿ ಸೂತ್ರ ಓದಿದವರಲ್ಲ, ಆದರೆ ಮಾತು ಅಲ್ಲಿಗೇ ಬಂದು ಮುಟ್ಟಿತು.

ವಾಯರು ಗೋಡೆ ದಾಟಿತು. ಅಂಗಡಿಯ ಬಿಲ್ಲಿನ ಯಂತ್ರವನ್ನೂ ಮನೆಯ ಫ್ಯಾನುಗಳನ್ನೂ ಆರಿಸಿ ಬೆಳಗಿನ ತನಕ ಬ್ಯಾಟರಿ ಉಳಿಸಿಕೊಂಡೆವು. ಅತ್ತೆ ಏನೂ ಹೇಳಲಿಲ್ಲ. ಮರುದಿನ ಉಪವಾಸ ಮಾಡಿದರು. ಯಾರ ಪಾಲಿನದೆಂದು ನಾವು ಕೇಳಲಿಲ್ಲ.

ಮಾರನೆಯ ಸಂಜೆಯಿಂದ ಪೆಟ್ಟಿಗೆಯೊಳಗೆ ಚಿಂವ್ ಚಿಂವ್ ಕೇಳತೊಡಗಿತು. ಒಡೆಯದ ಮೊಟ್ಟೆಯೊಳಗಿಂದಲೇ ಮರಿ ಕೂಗುತ್ತದೆ ಎಂಬುದನ್ನು ನಮ್ಮ ಮನೆಯ ಹುಡುಗರು ನಂಬಲೇ ಇಲ್ಲ, ಗೋಡೆ ಹಾರಿ ಹೋಗಿ ಕಿವಿಯಿಟ್ಟು ಕೇಳಿ ಬಂದರು. 26 ಮೊಟ್ಟೆಗಳಲ್ಲಿ 21 ಮರಿಗಳು ಒಂದಾದ ಮೇಲೊಂದು ಹೊರಬಂದವು. ಎರಡು ಮೊಟ್ಟೆಗಳಲ್ಲಿ ಮಿಸುಕಾಟವೇ ಇರಲಿಲ್ಲ. ಉಳಿದ ಮೂರರಲ್ಲಿ ಸಣ್ಣ ತೂತು ಬಿದ್ದಿತ್ತು, ಕೊಕ್ಕಿನ ತುದಿ ಕಾಣುತ್ತಿತ್ತು, ಮುಂದೆ ಏನೂ ಆಗುತ್ತಿರಲಿಲ್ಲ.

ನಮ್ಮ ತಂಗಿಯ ಮಗಳಿಗೆ ಆಗ ಒಂಬತ್ತು ವರ್ಷ. ರಾತ್ರಿ ಹತ್ತಾದರೂ ಪೆಟ್ಟಿಗೆಯ ಗಾಜು ಬಿಟ್ಟು ಏಳಲೊಲ್ಲಳು. “ಆಯಿ, ಅದು ಅಳ್ಲತ್ತದ. ಮ್ಯಾಲಿನ ಚಿಪ್ಪು ಕೈಲಿಂದ ತೆಗದ್ರ ಮುಗೀತಲ್ಲ! ನೋಡಕೋತ ಕೂಡೋದು ಹಿಂಸಾ ಅಲ್ಲೇನು?” ಇರುವೆಗೂ ದಾರಿ ಬಿಡು ಎಂದು ಕಲಿಸಿದ ಮನೆಯಲ್ಲಿ ಮಗು ಹೀಗೆ ಕೇಳಿದರೆ ಏನು ಉತ್ತರ ಕೊಡಬೇಕು?

ಉತ್ತರ ಕೊಟ್ಟವರು ದರ್ಜಿ. ಹಲವು ಸಲ ಮರಿ ಮಾಡಿ ಕಲಿತವರ ಮಾತದು. ಪಶುವೈದ್ಯರ ಪುಸ್ತಕಗಳೂ ಅದನ್ನೇ ಹೇಳುತ್ತವೆ. ಮರಿ ಮೊದಲು ಒಳಗಿನ ಪೊರೆಯನ್ನು ಚುಚ್ಚಿ, ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಚೀಲದಲ್ಲಿ ಉಸಿರಾಡಲು ಕಲಿಯುತ್ತದೆ. ಆಮೇಲೆ ಚಿಪ್ಪಿಗೆ ತೂತು. ತೂತು ಬಿದ್ದ ಮೇಲೆ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಅದು ಸುಮ್ಮನಿದ್ದಂತೆ ಕಾಣುತ್ತದೆ. ಸುಮ್ಮನಿರುವುದಿಲ್ಲ. ಅಷ್ಟು ದಿನ ಪೊರೆಯ ನರಗಳಲ್ಲಿ ಓಡಾಡುತ್ತಿದ್ದ ರಕ್ತವನ್ನು ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಉಳಿದ ಹಳದಿ ಲೋಳೆಯನ್ನು ಹೊಕ್ಕುಳ ಹಾದಿಯಿಂದ ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುತ್ತದೆ. ಹುಟ್ಟಿದ ಮರಿ ಎರಡು ದಿನ ಕಾಳು ನೀರಿಲ್ಲದೆ ಬದುಕುವುದು ಈ ಬುತ್ತಿಯಿಂದಲೇ. ನಡುವೆ ನಾವು ಚಿಪ್ಪು ಸುಲಿದರೆ ರಕ್ತ ಹೊರಗೆ ಹರಿಯುತ್ತದೆ, ಬುತ್ತಿ ಹೊರಗೆ ಉಳಿಯುತ್ತದೆ. “ಬೇಟಿ, ನೀ ತೆಗದ ಚಿಪ್ಪು ಹಗುರ, ಅದರ ಜೀವ ಭಾರ” ಎಂದರು ದರ್ಜಿ.

ಹುಡುಗಿಗೆ ಸಮಾಧಾನವಾಗಲಿಲ್ಲ. ಆಗ ಗೋಡೆಯ ಈಚೆಯಿಂದ ಅತ್ತೆ ಕರೆದರು. ಕೋಳಿಯ ಸುದ್ದಿಯೇ ಬೇಡವೆಂದವರು ಕಥೆ ಹೇಳಲು ಕೂತರು. ನಾರಾಯಣಖೇಡದಲ್ಲಿ ಅವರ ನೆರೆಯ ಶ್ವೇತಾಂಬರ ಮನೆಯಲ್ಲಿ ಪ್ರವಚನ ಕೇಳಿ ನೆನಪಿಟ್ಟ ಕಥೆ. ಜ್ಞಾತಾಧರ್ಮಕಥಾ ಎಂಬ ಆರನೆಯ ಅಂಗದ ಮೂರನೆಯ ಅಧ್ಯಯನಕ್ಕೆ ಮೊಟ್ಟೆಯದೇ ಹೆಸರು. ಚಂಪಾನಗರಿಯ ಇಬ್ಬರು ವ್ಯಾಪಾರಿಗಳ ಮಕ್ಕಳು ಉದ್ಯಾನದಲ್ಲಿ ನವಿಲಿನ ಎರಡು ಮೊಟ್ಟೆಗಳನ್ನು ಕಂಡು, ಮನೆಗೆ ತಂದು, ಕೋಳಿಮೊಟ್ಟೆಗಳ ಜೊತೆ ಕಾವಿಗೆ ಇಡಿಸುತ್ತಾರೆ. ಸಾಗರದತ್ತನ ಮಗನಿಗೆ ಸಂಶಯ. ಮರಿ ಇದೆಯೋ ಇಲ್ಲವೋ ಎಂದು ಮೊಟ್ಟೆಯನ್ನು ಎತ್ತುವುದು, ತಿರುಗಿಸುವುದು, ಕಿವಿಯ ಬಳಿ ಅಲುಗಿಸಿ ನೋಡುವುದು. ಆ ಮೊಟ್ಟೆ ಕೆಟ್ಟುಹೋಯಿತು. ಜಿನದತ್ತನ ಮಗ ಮುಟ್ಟದೆ ಕಾದ. ಅವನ ನವಿಲು ಹುಟ್ಟಿ, ಬೆಳೆದು, ಕುಣಿಯಲು ಕಲಿಯಿತು. ಅಲ್ಲಿ ಆ ಕಥೆ ಬಂದಿರುವುದು ಶ್ರದ್ಧೆಯ ವಿಷಯಕ್ಕೆ. ಆದರೆ ಬರೆದವರು ಕಾವಿನ ಮೊಟ್ಟೆಯನ್ನು ಹತ್ತಿರದಿಂದ ಕಂಡವರೇ ಇರಬೇಕೆಂದು ನಮಗೆ ಅನಿಸಿತು. ವ್ಯಾಪಾರಿಗಳ ಮನೆಯಲ್ಲಿ ಕೋಳಿಯ ಕಾವು ನಡೆದದ್ದನ್ನು ಅತ್ತೆ ಸ್ವಲ್ಪ ಬೇಗ ದಾಟಿ ಹೋದರು ಎಂಬುದನ್ನೂ ಹೇಳಬೇಕು.

ಈ ನವಿಲಿನ ಮಾತಿಗೆ ಇನ್ನೊಂದು ಸೇರಿಸುತ್ತೇವೆ. ತಾಂಡೂರಿನಲ್ಲಿ ತೊಗರಿ ವ್ಯಾಪಾರ ಮಾಡುವ ನಮ್ಮ ಭಾವನವರನ್ನು ರೈತರು ಆಗಾಗ ಕೇಳುತ್ತಾರೆ: ಎಡೆ ಹೊಡೆಯುವಾಗ ಹೊಲದ ಬದುವಿನಲ್ಲಿ ನವಿಲಿನ ಮೊಟ್ಟೆ ಸಿಕ್ಕಿವೆ, ಕೋಳಿಯ ಕೆಳಗಿಡಲೇ ಎಂದು. ಚಂಪಾನಗರಿಯ ಹುಡುಗರು ಮಾಡಿದ್ದನ್ನು ಇಂದು ಮಾಡಲಾಗದು. 1963ರಿಂದ ನವಿಲು ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. ಅದರ ಮೊಟ್ಟೆ ಎತ್ತುವುದೂ ಅಪರಾಧ. ಅಷ್ಟು ಜಾಗ ಬಿಟ್ಟು ಎಡೆ ಹೊಡೆದರೆ ತಾಯಿ ಮರಳಿ ಬರುತ್ತದೆ. ಬಾರದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಮುನಿಗಳ ಪಿಂಛಿಗೂ ತಾನಾಗಿ ಉದುರಿದ ಗರಿಯೇ ಆಗಬೇಕಲ್ಲವೆ.

ಅತ್ತೆಯ ಕಥೆ ಮುಗಿಯುವಷ್ಟರಲ್ಲಿ ಹುಡುಗಿ ನಿದ್ದೆಹೋದಳು. ಬೆಳಗಿನ ಜಾವ ನೋಡಿದರೆ ಮೂರರಲ್ಲಿ ಒಂದು ಮರಿ ತಾನೇ ಚಿಪ್ಪನ್ನು ಸುತ್ತ ಕೊರೆದು, ಟೋಪಿಯಂತೆ ಎತ್ತಿ ಹೊರಗೆ ಬಂದು ಒದ್ದೆಯಾಗಿ ಬಿದ್ದುಕೊಂಡಿತ್ತು.

ಎರಡನೆಯದರ ಕಥೆ ಬೇರೆ. ತೂತು ಬಿದ್ದು 26 ಗಂಟೆಯಾಗಿತ್ತು. ಪೊರೆ ಬೆಳ್ಳಗೆ ಮೆತ್ತಗೆ ಇರಬೇಕಾದದ್ದು ಹಳದಿ ತಿರುಗಿ ಕಾಗದದಂತೆ ಬಿಗಿದಿತ್ತು. ಒಣಗಿದ ಮರಿಗಳನ್ನು ತೆಗೆಯಲು ಮತ್ತೆ ಮತ್ತೆ ಮುಚ್ಚಳ ತೆರೆದಾಗ ಹಬೆ ಹೊರಗೆ ಹೋದರೆ ಹೀಗಾಗುತ್ತದಂತೆ. ಕಾಯುವುದಕ್ಕೂ ಒಂದು ಮಿತಿ ಇದೆ ಎಂದು ದರ್ಜಿ ಆಗ ಕೈ ತೊಳೆದು ಕೂತರು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಕೊಕ್ಕಿನ ತೂತಿಗೆ ನೀರು ಹೋಗದಂತೆ ಪೊರೆಯನ್ನಷ್ಟೇ ತೋಯಿಸಿದರು. ಸೂಜಿ ಹಿಡಿದು ಪಳಗಿದ ಕೈ ಅದು. ತೂತಿನ ಅಂಚಿನಿಂದ ಚಿಪ್ಪಿನ ಚೂರೊಂದನ್ನು ಎತ್ತಿದರು, ನಿಂತರು; ಇನ್ನೊಂದು ಚೂರು. ಕೆಂಪು ಗೆರೆ ಕಂಡಿತು. ತಕ್ಷಣ ಕೈ ತೆಗೆದು, ಒದ್ದೆ ಬಟ್ಟೆ ಸುತ್ತಿ, ಮತ್ತೆ ಪೆಟ್ಟಿಗೆಯೊಳಗಿಟ್ಟರು. ಮೂರು ಗಂಟೆಯ ನಂತರ ನೋಡಿದಾಗ ಗೆರೆ ಮಾಸಿತ್ತು. ಆಗ ಸುತ್ತಲಿನ ಚಿಪ್ಪನ್ನು ಮುಕ್ಕಾಲು ಪಾಲು ಸಡಿಲಿಸಿ, ಕೊನೆಯ ಭಾಗವನ್ನು ಮರಿಗೇ ಬಿಟ್ಟರು. ಕಾಲೂರಿ ಒದೆಯುವುದನ್ನು ಅದೇ ಮಾಡಬೇಕಂತೆ. ಮಧ್ಯಾಹ್ನ ಅದು ಹೊರಬಂತು. ಒಂದು ಕಾಲಿನ ಬೆರಳು ಸೊಟ್ಟ.

ಮೂರನೆಯದು ಮೊಟ್ಟೆಯ ಚೂಪು ತುದಿಯಲ್ಲಿ ತೂತು ಮಾಡಿತ್ತು. ಅಲ್ಲಿ ಗಾಳಿಯ ಚೀಲವಿರುವುದಿಲ್ಲ. ನೋಡುತ್ತಿರುವಾಗಲೇ ಉಸಿರು ನಿಧಾನವಾಯಿತು. ಹುಡುಗಿ ಅದನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಈಚೆ ತಂದಳು. ಅತ್ತೆ ಬೇಡವೆನ್ನಲಿಲ್ಲ. ತಗ್ಗಿದ ದನಿಯಲ್ಲಿ ಣಮೋಕಾರ ಮಂತ್ರ ಹೇಳಿದರು, ಅದು ತಣ್ಣಗಾಗುವ ತನಕ ಹೇಳಿದರು. ಸಾಯುತ್ತಿದ್ದ ನಾಯಿಗೆ ಜೀವಂಧರ ಮಂತ್ರ ಹೇಳಿದ ಕಥೆಯನ್ನು ಹುಡುಗಿ ಪಾಠಶಾಲೆಯಲ್ಲಿ ಕೇಳಿದ್ದಳು. “ಇದೂ ಯಕ್ಷ ಆಗ್ತದೇನು?” ಎಂದಳು. ಅತ್ತೆ ಮಾತಾಡಲಿಲ್ಲ.

ಆ ಮರಿಗಳಲ್ಲಿ ಹುಂಜಗಳನ್ನು ದರ್ಜಿ ಆರು ತಿಂಗಳಿಗೆ ಮಾರಿದರು. ಯಾರಿಗೆ, ಯಾಕೆ ಎಂದು ನಾವು ವಿಚಾರಿಸಲಿಲ್ಲ. ವಿಚಾರಿಸುವ ಅಗತ್ಯವೂ ಇರಲಿಲ್ಲ. ಅತ್ತೆ ಫೋನಿನಲ್ಲಿ, “ನಾ ಅಂದಿದ್ದಿಲ್ಲೇನು?” ಎಂದಷ್ಟೇ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆಯಿಯ ಬಳಿ ಇದೆ: ಆ ರಾತ್ರಿಯ ಲೆಕ್ಕ ಆ ರಾತ್ರಿಗೆ ಎನ್ನುತ್ತಾರೆ. ವರ್ಷದ ಕೊನೆಗೆ ಜಮಾಖರ್ಚು ತೆಗೆಯುವ ನಮ್ಮಂಥವರಿಗೆ ಆ ಲೆಕ್ಕ ಅಷ್ಟು ಸುಲಭವಾಗಿ ಹೊಂದುವುದಿಲ್ಲ.

ಸೊಟ್ಟ ಬೆರಳಿನದು ಹೇಟೆಯಾಯಿತು. ಅದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ ಎಂದು ದರ್ಜಿ ಆಯಿಗೆ ಮಾತು ಕೊಟ್ಟಿದ್ದಾರೆ. ಕಾಳಿಗೆಂದು ಆಯಿ ಕೊಡಹೋದ ಹಣವನ್ನು ತೆಗೆದುಕೊಳ್ಳಲಿಲ್ಲ. ಈಗ ಅವರ ಮನೆಗೆ ಸ್ವಂತ ಇನ್ವರ್ಟರ್ ಬಂದಿದೆ. ಆದರೂ ಗೋಡೆಯ ಮೇಲಿನ ವಾಯರು ತೆಗೆದಿಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಗೆ ಮೊಟ್ಟೆ ಇಡುವ ಮೊದಲು ದರ್ಜಿ, “ನಾರಾಯಣಖೇಡದ ಬಾಯಿ ಯಾವಾಗ ಬರ್ತಾರ್ರಿ?” ಎಂದು ನಮ್ಮನ್ನು ಕೇಳಿ, ಅವರು ಬಂದಿರುವಾಗ 21ನೆಯ ದಿನ ಬೀಳದಂತೆ ಲೆಕ್ಕ ಹಾಕುತ್ತಾರೆ. ಅತ್ತೆಯೋ ಬಂದವರೇ ಮೊದಲು ಹಿತ್ತಲಿಗೆ ಹೋಗಿ ಆ ಸೊಟ್ಟ ಬೆರಳಿನದು ಎಲ್ಲಿದೆ ಎಂದು ಗೋಡೆಯ ಮೇಲಿಂದ ನೋಡುತ್ತಾರೆ.