ಹೆರಾಲ್ಡಿನ ಹೊಟ್ಟೆ

ಖಾನಾಪುರದ ನಮ್ಮ ತವರುಮನೆಯ ಹಿತ್ತಿಲ ಶೆಡ್ಡಿನಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿದೆ. ಅಪ್ಪ ಕೊಂಡಾಗಲೇ ಅದು ಸೆಕೆಂಡ್ ಹ್ಯಾಂಡ್. ಮದ್ರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಈ ಗಾಡಿ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ತಂಗಿ. ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಎರಡರ ಮೈಕಟ್ಟನ್ನೂ ರೂಪಿಸಿದವನು ಇಟಲಿಯ ಮಿಕೆಲೊಟ್ಟಿ. ಇಷ್ಟು ಗೊತ್ತಾದದ್ದೇ ತಡ, ನಮ್ಮಣ್ಣ "ನಮ್ಮದೂ ಸ್ಪೋರ್ಟ್ಸ್ ಕಾರನ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಬಾನೆಟ್ ಎತ್ತಿದರೆ ದೀಪ, ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಹುಡುಗರು ಅದನ್ನು ನೋಡಲೆಂದೇ ಬರುತ್ತಿದ್ದರು.

ಅದರ ಕೀಲಿಕೈ ನಡುಮನೆಯ ಎತ್ತರದ ಮೊಳೆಗೆ ತೂಗುತ್ತಿತ್ತು. ಅಪ್ಪ ಅಣ್ಣನಿಗೆ ಡ್ರೈವಿಂಗ್ ಕಲಿಸಿದರು. ನಾನು ಕೇಳಿದಾಗ, "ಹೆಣ್ಣುಮಕ್ಕಳು ಹಿಂದ ಕುಂದರಬೇಕು, ಕೆಟ್ಟು ನಿಂತರ ಏನ್ ಮಾಡತಿ?" ಎಂದಿದ್ದರು. ಮುಂದೆ ಬೆಳಗಾವಿಯಲ್ಲಿ ನೌಕರಿ ಸಿಕ್ಕ ಮೇಲೆ ನನ್ನ ಪಗಾರದಿಂದಲೇ ಫೀ ಕಟ್ಟಿ, ಮಾರುತಿ ಗಾಡಿಯ ಮೇಲೆ ಕಲಿತೆ. ಆದರೆ ಹೆರಾಲ್ಡಿನ ಸ್ಟೇರಿಂಗನ್ನು ಅಪ್ಪ ಇರುವತನಕ ಮುಟ್ಟಲಿಲ್ಲ. ಅವರು ಹೋದ ಮೇಲೂ ಮುಟ್ಟಲಿಲ್ಲ.

ಅಣ್ಣ ಕಾಗದಪತ್ರಗಳನ್ನೆಲ್ಲ ಕಾಲಕಾಲಕ್ಕೆ ಮಾಡಿಸಿ ಗಾಡಿಯನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದ. ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಮಂದವಾದ ಮೇಲೆ ಅದು ಎರಡು ಮಳೆಗಾಲ ನಿಂತಲ್ಲೇ ನಿಂತಿತು. ಕೊನೆಗೆ ಗುಜರಿಯವನನ್ನು ಕರೆದು ದರವನ್ನೂ ಮಾತಾಡಿಬಿಟ್ಟ. ಆಗಲೇ ಎಂಬತ್ತು ದಾಟಿದ ಅವ್ವ ಬಾಯಿ ಬಿಟ್ಟಳು. "ಕೊಡೂಕಿಂತ ಮೊದಲ ಒಮ್ಮೆ ಅಸೋಗಾಕ್ಕ ಕರಕೊಂಡು ಹೋಗ್ರಿ. ನಿಮ್ಮಪ್ಪನ ಗಾಡಿಯಾಗ." ದೀಪಾವಳಿ ರಜೆ ಮುಗಿಯುವತನಕ ತಡೆಯೆಂದು ನಾನು ಅಣ್ಣನನ್ನು ಬೇಡಿಕೊಂಡೆ.

ಹೊಸ ಬ್ಯಾಟರಿ ಹಾಕಿದೊಡನೆ ಎಂಜಿನ್ ಎದ್ದಿತು. ನಮಗೆಲ್ಲ ಹಿಗ್ಗು. ಓಣಿಯ ತುದಿ ಮುಟ್ಟಿ ನಿಂತುಬಿಟ್ಟಿತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಚಾಲೂ, ಮತ್ತೆ ಬಂದ್. "ಹಠ ಮಾಡೂ ಹುಡುಗನಂಗ" ಎಂದಳು ವೈನಿ. ಮೆಕ್ಯಾನಿಕ್ ನಕ್ಕ. "ಹಠ ಅಲ್ರಿ, ಟಾಕಿಯೊಳಗ ತುಕ್ಕು. ಎಂಜಿನ್ ಎಳೆದಾಗ ತುಕ್ಕಿನ ಪುಡಿ ಬಂದು ಪೈಪಿನ ಬಾಯಿ ಮುಚ್ಚತೈತಿ. ನಿಂತಾಗ ತಳಕ್ಕ ಕುಂದರತೈತಿ." ಫಿಲ್ಟರ್ ಬಿಚ್ಚಿ ತೋರಿಸಿದ. ಒಳಗೆ ಚಹಾದ ಕಷಾಯದ ಬಣ್ಣ. ಪೆಟ್ರೋಲಿನ ವಾಸನೆ ಹೋಗಿ ವಾರ್ನಿಶ್ ವಾಸನೆ ಬಂದಿತ್ತು.

ಟ್ಯಾಂಕು ಅರ್ಧ ಖಾಲಿ ಇತ್ತಲ್ಲ, ತಪ್ಪು ಅದೇ. ಖಾನಾಪುರದ ಮಳೆಗಾಲ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಟ್ರಂಕಿನೊಳಗಿನ ಸೀರೆಗೂ ಬೂಸ್ಟು ಬರುತ್ತದೆ. ಟ್ಯಾಂಕಿನ ಖಾಲಿ ಜಾಗದಲ್ಲಿ ತೇವದ ಗಾಳಿ ಸೇರಿ, ರಾತ್ರಿ ತಣ್ಣಗಾದಾಗ ಹನಿಯಾಗುತ್ತದೆ. ಪೆಟ್ರೋಲಿಗಿಂತ ಭಾರವಾದ ನೀರು ತಳಕ್ಕಿಳಿದು ತಗಡನ್ನು ತಿನ್ನುತ್ತದೆ. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ. ಶೇಕಡಾ 20 ಬೆರೆಸಿದ ಪೆಟ್ರೋಲಿನ ಮಾರಾಟ ಶುರುವಾದದ್ದು 2023ರಲ್ಲಿ, ಬೆಂಗಳೂರಿನಲ್ಲೇ. ಎಥೆನಾಲಿಗೆ ನೀರು ಹೀರುವ ಚಟ. ಹಳೆಯ ಗಾಡಿಗಳ ರಬ್ಬರ್ ನಳಿಗೂ ಅದು ಒಗ್ಗುವುದಿಲ್ಲ. ಬೆಳಗಾವಿ ಜಿಲ್ಲೆಯೆಂದರೆ ಕಬ್ಬು, ಸಕ್ಕರೆ ಕಾರ್ಖಾನೆ, ಎಥೆನಾಲ್. ನಮ್ಮ ಜಿಲ್ಲೆಯ ಕಬ್ಬೇ ನಮ್ಮ ಹೆರಾಲ್ಡಿನ ಹೊಟ್ಟೆಗೆ ಮುಳುವಾಯಿತೋ ಏನೋ! ಒಂದೇ ಸಕ್ಕರೆ, ಅಣ್ಣನಿಗೂ ಆಗದು, ಗಾಡಿಗೂ ಆಗದು.

ಈ ಕಾರಿನ ಟ್ಯಾಂಕು ಡಿಕ್ಕಿಯೊಳಗೇ ಇರುವುದರಿಂದ ಬಿಚ್ಚುವುದು ಕಷ್ಟವಾಗಲಿಲ್ಲ. ಎರಡು ಸಲ ನೀರು ತುಂಬಿಸಿ ಚೆಲ್ಲಿ, ಬಿಸಿಲಿಗೆ ಒಣಗಿಸಿ, ಸಣ್ಣ ಟೆಂಪೊದಲ್ಲಿ ಹಾಕಿಕೊಂಡು ಬೆಳಗಾವಿಯ ಉದ್ಯಮಬಾಗಿಗೆ ಹೋದೆವು. ತಗಡಿನ ಕೆಲಸದ ಮೇಸ್ತ್ರಿ ಮೊದಲು ಮೂಸಿ ನೋಡಿದ. ತೂತಿಗೆ ಬೆಸುಗೆ ಹಾಕಿಕೊಡು ಎಂದೆ. ಕೈ ಹಿಂದಕ್ಕೆ ತೆಗೆದ. "ಅಕ್ಕಾರ, ತುಂಬಿದ ಟಾಕಿಗಿಂತ ಖಾಲಿ ಟಾಕಿ ಕೆಟ್ಟದ್ದು. ಒಳಗ ಆವಿ ಉಳಿದಿರತೈತಿ. ಕಿಡಿ ತಾಗಿದರ ನೀವೂ ಇಲ್ಲ, ನಾನೂ ಇಲ್ಲ." ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು ತಲೆ ತಗ್ಗಿಸಿದೆ. ಆಮೇಲೆ ಅವನು ಸ್ಕ್ರೂಡ್ರೈವರ್ ತುದಿಯಿಂದ ತಳವನ್ನು ಮೆಲ್ಲಗೆ ಒತ್ತಿದ. ಹಪ್ಪಳದ ಹಾಗೆ ಮುರಿಯಿತು.

ಹೊಸ ಟ್ಯಾಂಕು ಎಲ್ಲಿ ಸಿಗಬೇಕು? ಕಂಪನಿ ಮುಚ್ಚಿಯೇ ದಶಕಗಳಾದವು. ಹಳೆಯದನ್ನೇ ಮಾದರಿ ಇಟ್ಟುಕೊಂಡು ಕಾಗದ ಕತ್ತರಿಸಿ, ರವಿಕೆಗೆ ಅಳತೆ ತೆಗೆದಂತೆ ತೆಗೆದ. ಪೆಟ್ರೋಲ್ ತುಳುಕಬಾರದೆಂದು ಒಳಗೆ ತೂತುಗಳುಳ್ಳ ಅಡ್ಡತಗಡು ಹಾಕಿದ. ಕೊನೆಗೆ ಬಾಯಿಗಳನ್ನೆಲ್ಲ ಮುಚ್ಚಿ, ಹದವಾಗಿ ಗಾಳಿ ಕೊಟ್ಟು, ನೀರಿನ ತೊಟ್ಟಿಯಲ್ಲಿ ಅದ್ದಿದ. ಒಂದು ಮೂಲೆಯಿಂದ ಗುಳ್ಳೆ ಬಂತು. ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಮತ್ತೆ ಬೆಸೆದ. ಎರಡನೇ ಸಲ ಗುಳ್ಳೆಯಿಲ್ಲ. ಗುಜರಿಯವನು ಕೊಡುತ್ತೇನೆಂದದ್ದಕ್ಕಿಂತ ಹೆಚ್ಚು ಖರ್ಚಾಯಿತು. ಅಣ್ಣನಿಗೆ ಲೆಕ್ಕ ಹೇಳಿಲ್ಲ.

ಪೈಪು, ಕಾರ್ಬುರೇಟರು ತೊಳೆದು, ರಬ್ಬರ್ ನಳಿ ಬದಲಿಸಿ ಟ್ಯಾಂಕು ಕೂಡಿಸಿದ ದಿನ ಅಣ್ಣ ಮೊಳೆಯಿಂದ ಕೀಲಿ ತೆಗೆದ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದ. ಆಮೇಲೆ ಏನೂ ಅನ್ನದೆ ನನ್ನೆದುರು ಚಾಚಿ, ತಾನು ಪಕ್ಕದ ಸೀಟಿನಲ್ಲಿ ಕುಳಿತ. ಎರಡೇ ಬಾಗಿಲಿನ ಗಾಡಿಯಲ್ಲಿ ಅವ್ವನನ್ನು ಹಿಂದಿನ ಸೀಟಿಗೆ ತೂರಿಸುವುದೇ ಒಂದು ಸಾಹಸವಾಗಿತ್ತು. ದಾರಿಯುದ್ದಕ್ಕೂ ಅಣ್ಣನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಅಸೋಗಾದಲ್ಲಿ ರಾಮಲಿಂಗೇಶ್ವರನಿಗೆ ಕೈಮುಗಿದು, ಮಲಪ್ರಭೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಅವ್ವ ಎರಡೆರಡು ಸಲ ಗಾಡಿಯತ್ತ ತಿರುಗಿ ನೋಡಿದಳು. "ಪೆಟ್ರೋಲ್ ವಾಸನೀನ ಇಲ್ಲಲ್ಲ. ನಿಮ್ಮಪ್ಪನ ಅಂಗೀಗೂ ಅದ ವಾಸನಿ ಇರತಿತ್ತು" ಎಂದಳು. ಹಳೆಯ ಟ್ಯಾಂಕು ಎಷ್ಟು ವರ್ಷದಿಂದ ಸೋರುತ್ತಿತ್ತೋ!

ಗುಜರಿಯವನು ಆಮೇಲೆ ಬಂದಾಗ ಅಣ್ಣ ಹಳೆಯ ಟ್ಯಾಂಕನ್ನಷ್ಟೇ ಕೊಟ್ಟು ಕಳಿಸಿದ. ರಜೆ ಮುಗಿದು ಬೆಳಗಾವಿಗೆ ಬಂದವಳು ಅವನಿಗೆ ಫೋನು ಮಾಡಿದೆ. ಮಳೆಗಾಲ ಹಿಡಿಯುವ ಮೊದಲು ಟ್ಯಾಂಕು ಕಂಠಮಟ್ಟ ತುಂಬಿಸಿಡಬೇಕು, ಮರೆಯಬೇಡ ಎಂದೆ.

"ನನಗ್ಯಾಕ ಹೇಳತಿ? ಕೀಲಿ ನಿನ್ನ ಚೀಲದಾಗ ಐತಿ" ಅಂದ.